ಅರೆಕಾಲಿಕ ಸದನ, ಪೂರ್ಣಕಾಲಿಕ ಶಾಸಕ: ಹುಬ್ಬಳ್ಳಿ-ಧಾರವಾಡ ಕಂಡ ಶಾಸನಸಭೆಗಳು

ರಾಜ್ಯ ಶಾಸನಸಭೆಯನ್ನು ಅರೆಕಾಲಿಕಗೊಳಿಸಬೇಕು, ಅಂದರೆ ಸದನವು ವರ್ಷದಲ್ಲಿ ಕೆಲವೇ ವಾರ ಸೇರಬೇಕು, ಸದಸ್ಯರು ಉಳಿದ ಕಾಲದಲ್ಲಿ ವಕೀಲಿ, ಒಕ್ಕಲುತನ, ವ್ಯಾಪಾರ ಅಥವಾ ಅಧ್ಯಾಪನದಿಂದಲೇ ತಮ್ಮ ಸಂಸಾರ ಸಾಗಿಸಬೇಕು ಎಂಬ ವಾದ ಆಗಾಗ ಕೇಳಿಬರುತ್ತದೆ. ಶಾಸಕರ ವೇತನ ಏರಿದಾಗಲೆಲ್ಲ ಅದಕ್ಕೆ ಹೊಸ ಕಸುವು ಬರುತ್ತದೆ. ಇದನ್ನು ಹೊಸ ಸುಧಾರಣೆಯೆಂಬಂತೆ ಮುಂದಿಡುವವರು ಬಹುಮಟ್ಟಿಗೆ ಮರೆತಿರುವ ಸಂಗತಿಯೆಂದರೆ, ಕನ್ನಡ ನಾಡು ಕಂಡ ಮೊದಲ ಪ್ರತಿನಿಧಿ ಸಭೆಗಳೆಲ್ಲ ಅರೆಕಾಲಿಕವಾಗಿಯೇ ಹುಟ್ಟಿದವು ಎಂಬುದು. ಮೈಸೂರಿನಲ್ಲಿ ಅದು ದಸರೆಯ ಸಭೆಯಾಗಿತ್ತು. ಹುಬ್ಬಳ್ಳಿ-ಧಾರವಾಡದ ಪಾಲಿಗೆ ಅದು ಮುಂಬಯಿಯ ಬಜೆಟ್ ಅಧಿವೇಶನ ಮತ್ತು ಪುಣೆಯ ಮಳೆಗಾಲದ ಅಧಿವೇಶನವಾಗಿತ್ತು. ಆ ಪದ್ಧತಿ ಯಾರಿಗೆ ಅನುಕೂಲವಾಗಿತ್ತು, ಯಾರನ್ನು ಹೊರಗಿಟ್ಟಿತ್ತು, ಅದು ಯಾವಾಗ ಮತ್ತು ಏಕೆ ಬದಲಾಯಿತು ಎಂಬುದನ್ನು ನೋಡಿದರೆ, ಇಂದಿನ ಕರ್ನಾಟಕದಲ್ಲಿ ಸದನವು ಮೊದಲಿನಂತೆ ಅರೆಕಾಲಿಕವಾಗಿಯೇ ಉಳಿದು ಅದರ ಸದಸ್ಯನು ಮಾತ್ರ ಪೂರ್ಣಕಾಲಿಕನಾಗಿರುವ ವಿಚಿತ್ರ ಸ್ಥಿತಿಯ ಬೇರುಗಳು ಕಾಣಸಿಗುತ್ತವೆ.

1861ರ ಭಾರತೀಯ ಕೌನ್ಸಿಲ್‌ಗಳ ಕಾಯ್ದೆಯಂತೆ 1862ರಲ್ಲಿ ಮೊದಲ ಬಾರಿ ಸೇರಿದ ಮುಂಬಯಿ ಶಾಸನ ಮಂಡಳಿಯು ಗವರ್ನರನ ಆಡಳಿತ ಮಂಡಳಿಗೆ ನಾಲ್ಕರಿಂದ ಎಂಟು ಮಂದಿ ನಾಮಕರಣಗೊಂಡ ಸದಸ್ಯರನ್ನು ಕೂಡಿಸಿದ ಸಣ್ಣ ಕೂಟವಾಗಿತ್ತು. ಕಾನೂನು ಮಾಡುವ ಅಗತ್ಯ ಬಿದ್ದಾಗ ಮಾತ್ರ ಸೇರುತ್ತಿದ್ದ ಅದಕ್ಕೆ ಪ್ರಶ್ನೆ ಕೇಳುವ ಅಧಿಕಾರವೂ ಆಯವ್ಯಯವನ್ನು ಚರ್ಚಿಸುವ ಅಧಿಕಾರವೂ ಇರಲಿಲ್ಲ. ಈ ಎರಡು ಹಕ್ಕುಗಳು ಸೀಮಿತ ರೂಪದಲ್ಲಿ ಬಂದದ್ದು 1892ರ ಕಾಯ್ದೆಯಿಂದ. ಅದೇ ಕಾಯ್ದೆಯ ಅನ್ವಯ ನಗರಸಭೆಗಳು ಮತ್ತು ಜಿಲ್ಲಾ ಲೋಕಲ್ ಬೋರ್ಡುಗಳು, ಅಂದರೆ ರಸ್ತೆ, ಶಾಲೆ, ಕೆರೆ-ಬಾವಿಗಳನ್ನು ನೋಡಿಕೊಳ್ಳುತ್ತಿದ್ದ ಸ್ಥಳೀಯ ಮಂಡಳಿಗಳು, ತಮ್ಮ ವಿಭಾಗದಿಂದ ಹೆಸರು ಸೂಚಿಸುವ ಪರೋಕ್ಷ ಅವಕಾಶ ಪಡೆದವು. ಧಾರವಾಡ ಜಿಲ್ಲೆಯು ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮತ್ತು ಕೊಂಕಣದ ಜಿಲ್ಲೆಗಳೊಂದಿಗೆ ದಕ್ಷಿಣ ವಿಭಾಗಕ್ಕೆ ಸೇರಿತ್ತು. ಹುಬ್ಬಳ್ಳಿಯಲ್ಲಿ 1855ರಲ್ಲೂ ಧಾರವಾಡದಲ್ಲಿ 1856ರಲ್ಲೂ ನಗರಸಭೆ ಸ್ಥಾಪನೆಯಾಗಿದ್ದುದರಿಂದ, ಸಭೆಯಲ್ಲಿ ಕೂಡುವ, ಠರಾವು ಮಂಡಿಸುವ, ಮತ ಹಾಕುವ ರೂಢಿ ಈ ಅವಳಿ ಊರುಗಳ ಪ್ರಮುಖರಿಗೆ ಅಷ್ಟರಲ್ಲಾಗಲೇ ಬಂದಿತ್ತು. ನಗರಸಭೆಯ ಸದಸ್ಯತ್ವವು ಸಂಬಳವಿಲ್ಲದ ಗೌರವ ಸೇವೆಯಾಗಿತ್ತು, ಸಂಜೆಯ ಹೊತ್ತು ಅದಕ್ಕೆ ಸಾಕಾಗುತ್ತಿತ್ತು. ಶಾಸನ ಮಂಡಳಿಯ ಸದಸ್ಯತ್ವವನ್ನೂ ಜನ ಅದೇ ಬಗೆಯ, ತುಸು ದೂರದ ಮತ್ತು ತುಸು ದೊಡ್ಡ ಗೌರವವೆಂದು ಭಾವಿಸಿದರು.

ದೂರವೆಂದರೆ ನಿಜವಾದ ದೂರವೇ. ಧಾರವಾಡದಿಂದ ಪುಣೆಗೆ ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು ಹಾದಿ, ಮುಂಬಯಿ ಅದಕ್ಕೂ ಆಚೆ. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಸದರ್ನ್ ಮರಾಠಾ ರೈಲ್ವೆಯ ಹಳಿಗಳು 1890ರ ಹೊತ್ತಿಗೆ ಲೋಂಡಾ ಮಾರ್ಗವಾಗಿ ಪುಣೆಯನ್ನು ಮುಟ್ಟಿದ್ದರಿಂದಲೇ ಈ ಭಾಗದ ವಕೀಲನೊಬ್ಬ ಅಧಿವೇಶನಕ್ಕೆ ಹೋಗಿ ಮತ್ತೆ ತನ್ನ ಕಕ್ಷಿದಾರರ ಬಳಿಗೆ ಬರುವುದು ಸಾಧ್ಯವಾಯಿತು. ಅಧಿವೇಶನದ ಪಂಚಾಂಗವನ್ನು ನಿರ್ಧರಿಸುತ್ತಿದ್ದದ್ದು ಸದಸ್ಯರ ಕಸುಬಾಗಲಿ ರೈತರ ಸುಗ್ಗಿಯಾಗಲಿ ಆಗಿರದೆ ಗವರ್ನರನ ಆರೋಗ್ಯದ ಕಾಳಜಿಯಾಗಿತ್ತು. ಮುಂಬಯಿ ಸರ್ಕಾರ ಚಳಿಗಾಲವನ್ನು ಮುಂಬಯಿಯಲ್ಲಿ, ಬೇಸಿಗೆಯನ್ನು ಮಹಾಬಲೇಶ್ವರದಲ್ಲಿ, ಮಳೆಗಾಲವನ್ನು ಪುಣೆಯಲ್ಲಿ ಕಳೆಯುತ್ತಿದ್ದುದರಿಂದ ಆಯವ್ಯಯದ ಚರ್ಚೆ ಮಾರ್ಚ್ ಮುಗಿಯುವುದರೊಳಗೆ ಮುಂಬಯಿಯಲ್ಲಿ, ಇನ್ನೊಂದು ಅಧಿವೇಶನ ಮಳೆಗಾಲದಲ್ಲಿ ಪುಣೆಯ ಕೌನ್ಸಿಲ್ ಹಾಲಿನಲ್ಲಿ ನಡೆಯುವ ಪದ್ಧತಿ ಬೆಳೆಯಿತು. ಪುಣೆಯ ಅಧಿವೇಶನದ ಕಾಲವೆಂದರೆ ಧಾರವಾಡದ ಎರೆಹೊಲಗಳಲ್ಲಿ ಮುಂಗಾರು ಬಿತ್ತನೆ, ಎಡೆ ಹೊಡೆಯುವುದು, ಕಸ ತೆಗೆಯುವುದು ಒಂದರ ಮೇಲೊಂದು ಬರುವ ಕಾಲ. ತಾನೇ ಮೇಟಿ ಹಿಡಿಯುವ ಒಕ್ಕಲಿಗನು ಆ ವಾರಗಳಲ್ಲಿ ಊರು ಬಿಟ್ಟು ಇಂಗ್ಲಿಷ್ ಭಾಷಣಗಳನ್ನು ಕೇಳುತ್ತ ಕೂರುವ ಪ್ರಶ್ನೆಯೇ ಇರಲಿಲ್ಲ. ಅರೆಕಾಲಿಕ ಸದನವು ಸಾಮಾನ್ಯ ದುಡಿಮೆಗಾರನಿಗೆ ಬಾಗಿಲು ತೆರೆಯುತ್ತದೆ ಎನ್ನುವವರು ಈ ಪಂಚಾಂಗವನ್ನೊಮ್ಮೆ ತಿರುವಿ ನೋಡಬೇಕು.

ಇದೇ ಕಾಲದಲ್ಲಿ ತುಂಗಭದ್ರೆಯ ಆಚೆ, ಮೈಸೂರು ಸಂಸ್ಥಾನದಲ್ಲಿ, ಬೇರೊಂದು ಬಗೆಯ ಅರೆಕಾಲಿಕ ಸಭೆ ನಡೆಯುತ್ತಿತ್ತು. ದಿವಾನ ಸಿ. ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಯು ಆ ವರ್ಷದ ಅಕ್ಟೋಬರ್ 7ರಂದು 144 ಸದಸ್ಯರೊಂದಿಗೆ ಮೈಸೂರಿನಲ್ಲಿ ಸೇರಿತು. ತಾಲೂಕುಗಳ ಭೂಹಿಡುವಳಿದಾರರು ಮತ್ತು ವರ್ತಕರನ್ನು ದಸರೆಗೆ ಹೊಂದಿಕೊಂಡ ಸಮಯದಲ್ಲಿ ವರ್ಷಕ್ಕೊಮ್ಮೆ ಕರೆದು, ದಿವಾನರ ವಾರ್ಷಿಕ ವರದಿಯನ್ನು ಅವರ ಮುಂದೆ ಓದಿ, ಅವರ ಅಹವಾಲುಗಳನ್ನು ಕೇಳುವುದು ಅದರ ಸ್ವರೂಪವಾಗಿತ್ತು. ಹೇಗೂ ಹಬ್ಬಕ್ಕೆ ರಾಜಧಾನಿಗೆ ಬರುತ್ತಿದ್ದ ಜನರನ್ನೇ ಸಭೆಗೆ ಕೂರಿಸಿಕೊಂಡ ಈ ಏರ್ಪಾಡಿನಲ್ಲಿ ಒಂದು ವ್ಯವಹಾರಜ್ಞಾನವಿತ್ತು. ಆದರೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಠರಾವುಗಳು ಸರ್ಕಾರವನ್ನು ಕಟ್ಟಿಹಾಕುತ್ತಿರಲಿಲ್ಲ. ಸಭೆಯಲ್ಲಿ ಕೇಳುವುದು ಹೆಚ್ಚಾದಂತೆ ದಸರೆಯ ಕೆಲವು ದಿನಗಳು ಸಾಲದಾದವು: 1907ರಲ್ಲಿ, ದಿವಾನ ವಿ. ಪಿ. ಮಾಧವರಾವ್ ಅವರ ಕಾಲದಲ್ಲಿ, ಕಾನೂನು ರಚನೆಗೆಂದು ಪ್ರತ್ಯೇಕವಾದ ನ್ಯಾಯವಿಧಾಯಕ ಸಭೆ ಬಂತು, 1917ರಿಂದ ಪ್ರಜಾಪ್ರತಿನಿಧಿ ಸಭೆಗೆ ಮಹಾರಾಜರ ವರ್ಧಂತಿಯ ಸಮಯದಲ್ಲಿ ಎರಡನೆಯ ಅಧಿವೇಶನ ಸೇರಿತು, 1923ರಲ್ಲಿ ಎರಡೂ ಸಭೆಗಳಿಗೆ ಹೊಸ ಶಾಸನಾತ್ಮಕ ಆಧಾರ ದೊರೆಯಿತು. ಅಧಿಕಾರ ಬೆಳೆದಲ್ಲಿ ದಿನಗಳೂ ಬೆಳೆಯುತ್ತವೆ ಎಂಬುದಕ್ಕೆ ಮೈಸೂರಿನ ಈ ನಾಲ್ಕು ದಶಕಗಳು ಸಾಕಷ್ಟು ಸ್ಪಷ್ಟ ಸಾಕ್ಷಿ. ಅದೇ ಮಾಧವರಾವ್ ಅವರು 1920ರಲ್ಲಿ ಧಾರವಾಡಕ್ಕೆ ಬಂದು ಕರ್ನಾಟಕ ರಾಜಕೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದು, ಎರಡು ಕಡೆಯ ಕನ್ನಡಿಗರ ರಾಜಕೀಯ ಅನುಭವಗಳು ಒಂದೇ ವೇದಿಕೆಯಲ್ಲಿ ಎದುರಾದ ಸಂದರ್ಭವೆಂದು ಹೇಳಬಹುದು.

ಮುಂಬಯಿ ಪ್ರಾಂತದಲ್ಲಿ ನಿಜವಾದ ತಿರುವು ಬಂದದ್ದು 1919ರ ಮಾಂಟೆಗ್ಯೂ-ಚೆಲ್ಮ್ಸ್‌ಫರ್ಡ್ ಸುಧಾರಣೆಯಿಂದ. 86 ಚುನಾಯಿತ ಸದಸ್ಯರಿದ್ದ ಹೊಸ ಶಾಸನ ಮಂಡಳಿ 1921ರಲ್ಲಿ ಆರಂಭವಾದಾಗ ಅದರ ಅಧ್ಯಕ್ಷಪೀಠದಲ್ಲಿ ಹೊನ್ನಾವರದಲ್ಲಿ ಹುಟ್ಟಿ ಮುಂಬಯಿಯಲ್ಲಿ ವಕೀಲರಾಗಿ, ಹೈಕೋರ್ಟ್ ನ್ಯಾಯಾಧೀಶರಾಗಿ ಹೆಸರಾದ ಸರ್ ನಾರಾಯಣ ಗಣೇಶ ಚಂದಾವರಕರ ಅವರು ಕುಳಿತರು. ದ್ವಿಮುಖ ಆಡಳಿತವೆಂದು ಕರೆಯಲಾದ ಈ ವ್ಯವಸ್ಥೆಯಲ್ಲಿ ಶಿಕ್ಷಣ, ಕೃಷಿ, ಅಬಕಾರಿ, ಸ್ಥಳೀಯ ಸ್ವರಾಜ್ಯದಂಥ ಖಾತೆಗಳು ಸದನಕ್ಕೆ ಹೊಣೆಯಾದ ಸಚಿವರ ಕೈಗೂ, ಹಣಕಾಸು, ಪೊಲೀಸ್, ಕಂದಾಯಗಳು ಗವರ್ನರನ ಆಡಳಿತ ಮಂಡಳಿಯ ಕೈಗೂ ಹಂಚಿಹೋಗಿದ್ದವು. ಭೂಕಂದಾಯ ಅಥವಾ ತೆರಿಗೆಯ ಆಧಾರದ ಮೇಲೆ ನಿಂತ ಮತಾಧಿಕಾರ ಕಿರಿದಾಗಿದ್ದರೂ ಧಾರವಾಡ ಜಿಲ್ಲೆಯ ಗ್ರಾಮೀಣ ಮತದಾರನು ತನ್ನ ಸದಸ್ಯನನ್ನು ನೇರವಾಗಿ ಆರಿಸಿದ್ದು ಇದೇ ಮೊದಲು. ಬ್ರಾಹ್ಮಣೇತರ ಚಳವಳಿಯ ಬಲದಿಂದ ಲಿಂಗಾಯತ ಸಮಾಜದ ಹೊಸ ಪದವೀಧರರು ಸದನಕ್ಕೆ ಕಾಲಿಟ್ಟಿದ್ದೂ ಇದೇ ಹೊತ್ತಿನಲ್ಲಿ.

ಅವರಲ್ಲಿ ಎದ್ದುಕಾಣುವ ಹೆಸರು ಹುಬ್ಬಳ್ಳಿಯ ವಕೀಲ ಸಿದ್ದಪ್ಪ ತೋಟಪ್ಪ ಕಂಬಳಿಯವರದು. 1920ರ ದಶಕದಲ್ಲಿ ಮುಂಬಯಿ ಶಾಸನ ಮಂಡಳಿಯನ್ನು ಪ್ರವೇಶಿಸಿ, 1930ರ ದಶಕದಲ್ಲಿ ಶಿಕ್ಷಣ ಖಾತೆಯ ಸಚಿವರಾಗಿ, ಸರ್ ಪದವಿ ಪಡೆದ ಅವರ ಬದುಕು ಆ ಕಾಲದ ಅರೆಕಾಲಿಕ ಶಾಸಕತ್ವದ ಒಳ್ಳೆಯ ಮಾದರಿ. ಕೋರ್ಟಿನ ವೃತ್ತಿ ಬದುಕಿಗೆ, ನಗರಸಭೆ ಮತ್ತು ಶಿಕ್ಷಣ ಸಂಸ್ಥೆಗಳು ಸಾರ್ವಜನಿಕ ನೆಲೆಗೆ, ಶಾಸನ ಮಂಡಳಿ ಪ್ರಭಾವಕ್ಕೆ ಎಂಬ ಮೂರು ನೆಲೆಗಳ ಬದುಕು ಅದು. ಒಂದರ ಅನುಭವ ಇನ್ನೊಂದಕ್ಕೆ ಒದಗುತ್ತಿತ್ತು. ಮಸೂದೆಯೊಂದರ ಕಲಮು ತಮ್ಮ ಕಕ್ಷಿದಾರನ ಹೊಲಕ್ಕೆ ಏನು ಮಾಡುತ್ತದೆ ಎಂಬುದನ್ನು ಕೋರ್ಟಿನಲ್ಲಿ ಕಂಡವರು ಸದನದಲ್ಲಿ ಮಾತಾಡುವಾಗ ಆ ಮಾತಿಗೆ ಬೇರೆಯೇ ತೂಕವಿರುತ್ತಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಇಂದಿಗೂ ಕಂಬಳಿಯವರ ಹೆಸರನ್ನು ಹೊತ್ತಿರುವುದರಲ್ಲಿ ಔಚಿತ್ಯವಿದೆ, ಏಕೆಂದರೆ ವಕೀಲಿ ಮತ್ತು ಶಾಸಕತ್ವ ಈ ಊರುಗಳಲ್ಲಿ ತಲೆಮಾರುಗಳ ಕಾಲ ಜೋಡಿಯಾಗಿಯೇ ಸಾಗಿದವು. ಮುಂದೆ ಮುಖ್ಯಮಂತ್ರಿಗಳಾದ ಎಸ್. ಆರ್. ಬೊಮ್ಮಾಯಿ, ಜಗದೀಶ ಶೆಟ್ಟರ ಇಬ್ಬರೂ ಹುಬ್ಬಳ್ಳಿಯ ವಕೀಲರೇ.

ಈ ಜೋಡಿಗೆ ಕಾರಣಗಳಿದ್ದವು. ಸದನದ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. 1935ರ ಕಾಯ್ದೆ ಕೂಡ ಇಂಗ್ಲಿಷ್ ಬಾರದವರಿಗೆ ಬೇರೆ ಭಾಷೆ ಬಳಸುವ ರಿಯಾಯಿತಿಯನ್ನಷ್ಟೇ ಕೊಟ್ಟಿತು. ವಕೀಲನು ಪ್ರಕರಣವನ್ನು ಮುಂದೂಡಿಸಿಕೊಳ್ಳಬಲ್ಲ, ಜೊತೆಯ ವಕೀಲನಿಗೆ ಒಪ್ಪಿಸಬಲ್ಲ, ಸದನದಲ್ಲಿ ಮಾಡಿದ ಭಾಷಣದಿಂದ ಕಕ್ಷಿದಾರರನ್ನೂ ಗಳಿಸಬಲ್ಲ. ಶಾಲಾ ಮಾಸ್ತರನಿಗೆ, ನೇಕಾರನಿಗೆ, ಹತ್ತಿ ಅಡತಿಯ ಗುಮಾಸ್ತನಿಗೆ ಇವು ಮೂರೂ ಇರಲಿಲ್ಲ. ಹೀಗಾಗಿ ಅರೆಕಾಲಿಕ ಸದನವು ಕಾಗದದ ಮೇಲೆ ಎಲ್ಲ ಕಸುಬಿನವರಿಗೂ ತೆರೆದಿದ್ದರೂ ವಾಸ್ತವದಲ್ಲಿ ವಕೀಲರು, ಇನಾಮದಾರರು ಮತ್ತು ದೊಡ್ಡ ವ್ಯಾಪಾರಿಗಳ ಸದನವಾಗಿತ್ತು. ಬ್ರಿಟನ್ನಿನಲ್ಲೂ ಕಥೆ ಇದೇ: ಸದಸ್ಯರಿಗೆ ಸಂಬಳ ಕೊಡಬೇಕೆಂಬುದು 1838ರ ಚಾರ್ಟಿಸ್ಟ್ ಕಾರ್ಮಿಕರ ಬೇಡಿಕೆಗಳಲ್ಲಿ ಒಂದಾಗಿತ್ತು, ಅದು ಈಡೇರಿದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡಿನ ರೂಪದಲ್ಲಿ. ಶಾಸಕನ ವೇತನವು ಹುಟ್ಟಿದ್ದು ಬಡವನನ್ನು ಸದನಕ್ಕೆ ತರುವುದಕ್ಕಾಗಿ ಎಂಬುದನ್ನು ಇಂದಿನ ವೇತನ ವಿರೋಧಿಗಳು ಸುಲಭವಾಗಿ ಮರೆಯುತ್ತಾರೆ. ಇಂದಿನ ವೇತನ ಪಡೆಯುವವರೂ ಅಷ್ಟೇ ಸುಲಭವಾಗಿ ಮರೆತಿದ್ದಾರೆ.

ಪೂರ್ಣಕಾಲಿಕ ರಾಜಕಾರಣಿ ಎಂಬ ವ್ಯಕ್ತಿ ಧಾರವಾಡ ಸೀಮೆಯಲ್ಲಿ ಹುಟ್ಟಿದ್ದು ಸದನದ ಒಳಗಲ್ಲ, ಹೊರಗೆ. ಅಸಹಕಾರ ಚಳವಳಿಯು 1920ರಲ್ಲಿ ವಕೀಲರಿಗೆ ಕೋರ್ಟು ಬಿಡಲು, ಎಲ್ಲರಿಗೂ ಶಾಸನ ಮಂಡಳಿಯ ಚುನಾವಣೆಯನ್ನು ಬಹಿಷ್ಕರಿಸಲು ಕರೆ ಕೊಟ್ಟಾಗ ಕಸುಬು ಮತ್ತು ಸದನ ಎರಡನ್ನೂ ಬಿಟ್ಟ ಒಂದು ವರ್ಗ ಮೂಡಿತು. ಬೆಳಗಾವಿಯ ಗಂಗಾಧರರಾವ ದೇಶಪಾಂಡೆಯವರು ವಕೀಲಿಗೆ ಎಂದೋ ಬೆನ್ನು ತಿರುಗಿಸಿದ್ದರು. ಧಾರವಾಡದ ಆಲೂರು ವೆಂಕಟರಾಯರು ಕಾನೂನು ಪದವಿ ಪಡೆದೂ ಪತ್ರಿಕೆ, ಗ್ರಂಥ, ಕರ್ನಾಟಕ ಏಕೀಕರಣದ ಕೆಲಸಕ್ಕೆ ಬದುಕನ್ನು ಕೊಟ್ಟಿದ್ದರು. ಅಮೆರಿಕದಲ್ಲಿ ಓದಿ ಬಂದ ವೈದ್ಯ ನಾ. ಸು. ಹರ್ಡೀಕರರು 1923ರಲ್ಲಿ ಹುಬ್ಬಳ್ಳಿಯನ್ನು ನೆಲೆ ಮಾಡಿಕೊಂಡು ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವು ಅಲ್ಪ ಜೀವನವೇತನದ ಮೇಲೆ ಆಜೀವ ದೇಶಸೇವೆ ಎಂಬ ಆದರ್ಶವನ್ನು ಅದಾಗಲೇ ಮುಂದಿಟ್ಟಿತ್ತು. ಇಡೀ ಹೊತ್ತಿನ ರಾಜಕಾರಣವೆಂದರೆ ಆಗ ತ್ಯಾಗ. ಅರೆಕಾಲಿಕ ರಾಜಕಾರಣವೆಂದರೆ ಸರ್ಕಾರದ ಜೊತೆ ಹೊಂದಿಕೊಂಡ ಸುಖದ ದಾರಿ. ಕಂಬಳಿಯವರ ಸಾಧನೆಗೆ ರಾಷ್ಟ್ರೀಯವಾದಿ ಬರವಣಿಗೆಯಲ್ಲಿ ಬಹುಕಾಲ ನ್ಯಾಯ ದೊರೆಯದಿರುವುದಕ್ಕೆ ಈ ನೈತಿಕ ಶ್ರೇಣಿಯೂ ಒಂದು ಕಾರಣವಿರಬೇಕು. ಶಿಕ್ಷಣ ಖಾತೆಯ ಕಡತದ ಮುಂದೆ ಕೂತ ಸಚಿವನಿಗಿಂತ ಜೈಲಿಗೆ ಹೋದವನು ಇತಿಹಾಸಕಾರನ ಕಣ್ಣಿಗೆ ಬೇಗ ಬೀಳುತ್ತಾನೆ.

1937ರಲ್ಲಿ ಪ್ರಾಂತೀಯ ಸ್ವಾಯತ್ತತೆಯೊಂದಿಗೆ ಈ ಎರಡೂ ವರ್ಗಗಳು ಒಂದೇ ಸದನದಲ್ಲಿ ಕೂಡಿದವು. 175 ಸದಸ್ಯರ ಮುಂಬಯಿ ವಿಧಾನಸಭೆ ಮತ್ತು ಅದರ ಮೇಲ್ಮನೆ ಅಸ್ತಿತ್ವಕ್ಕೆ ಬಂದವು; ವಿಧಾನಸಭೆಯ ಸ್ಪೀಕರ್ ಆಗಿ ಗಣೇಶ ವಾಸುದೇವ ಮಾವಳಂಕರ ಆಯ್ಕೆಯಾದರು; ಸ್ವತಃ ಸಾಲಿಸಿಟರ್ ಆಗಿದ್ದ ಬಿ. ಜಿ. ಖೇರ್ ಅವರು ಕಾಂಗ್ರೆಸ್ ಸರ್ಕಾರ ರಚಿಸಿದರು. 1935ರ ಕಾಯ್ದೆಯು ಸದಸ್ಯರಿಗೆ ವೇತನ ನಿಗದಿಪಡಿಸುವ ಅಧಿಕಾರವನ್ನು ಪ್ರಾಂತದ ಶಾಸಕಾಂಗಕ್ಕೇ ಕೊಟ್ಟಿದ್ದರಿಂದ ಅದು ಸಹಜವಾಗಿಯೇ ಚರ್ಚೆಗೆ ಬಂತು. 1931ರ ಕರಾಚಿ ಠರಾವಿನ ಪ್ರಕಾರ ಕಾಂಗ್ರೆಸ್ ಸಚಿವರು ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಪಡೆಯುವಂತಿರಲಿಲ್ಲ. ಸಚಿವರ ವೇತನದ ಮಸೂದೆ 1937ರ ಆಗಸ್ಟಿನಲ್ಲಿ ಸದನಕ್ಕೆ ಬಂದಾಗ ಸ್ವತಂತ್ರ ಕಾರ್ಮಿಕ ಪಕ್ಷದ ನಾಯಕರಾಗಿದ್ದ ಡಾ. ಅಂಬೇಡ್ಕರ್ ಅವರು ಅದನ್ನು ಟೀಕಿಸಿದರು. ಸಮರ್ಥರನ್ನು ಆಕರ್ಷಿಸುವ ಮತ್ತು ಪ್ರಾಮಾಣಿಕತೆಯನ್ನು ಕಾಪಾಡುವ ದೃಷ್ಟಿಯಿಂದ ಅದು ಕಡಿಮೆ ಎಂಬುದು ಅವರ ನಿಲುವಾಗಿತ್ತು. ತ್ಯಾಗವನ್ನು ಸಂಬಳದ ಅಳತೆಗೋಲಾಗಿ ಬಳಸಿದರೆ ಸ್ವಂತ ಆಸ್ತಿ ಇದ್ದವನೇ ತ್ಯಾಗಿಯಾಗಲು ಶಕ್ತನಾಗುತ್ತಾನೆ ಎಂಬ ಸತ್ಯವನ್ನು ಆ ಸದನದಲ್ಲಿ ಅಂಬೇಡ್ಕರ್ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಕ್ಕಿಲ್ಲ.

ಸ್ವಾತಂತ್ರ್ಯಾನಂತರದ ಮುಂಬಯಿ ಸದನದಲ್ಲಿ ಕನ್ನಡ ಸದಸ್ಯರ ಕಾಲ ಚಿಕ್ಕದು. ಏಕೀಕರಣದ ಪ್ರಶ್ನೆ ಅಲ್ಲಿ ಠರಾವುಗಳಾಗಿ ಬಂದು ಹೋಯಿತೇ ಹೊರತು ತೀರ್ಮಾನವಾಗಲಿಲ್ಲ. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಹೂಡಿದ್ದು, ಅಂದಾನಪ್ಪ ದೊಡ್ಡಮೇಟಿಯವರು ವಿಧಾನಸಭೆಯ ಸ್ಥಾನವನ್ನೇ ತ್ಯಜಿಸಿದ್ದು, ಹುಬ್ಬಳ್ಳಿಯ ಬೀದಿಗಳಲ್ಲಿ ಜನ ಸಿಡಿದೆದ್ದದ್ದು ಸದನದ ಹೊರಗಿನ ರಾಜಕೀಯಕ್ಕೆ ಇದ್ದ ಶಕ್ತಿಯನ್ನು ತೋರಿಸಿದವು. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಸದಸ್ಯರು ಮುಂಬಯಿಯನ್ನು ಬಿಟ್ಟು ಬೆಂಗಳೂರಿನ ಸದನಕ್ಕೆ ಸೇರಿದರು. ಮುಂಬಯಿ ವಿಧಾನಸಭೆಯಲ್ಲಿ ಡೆಪ್ಯುಟಿ ಸ್ಪೀಕರ್ ಆಗಿದ್ದ ಹುನಗುಂದದ ಎಸ್. ಆರ್. ಕಂಠಿಯವರು ವಿಶಾಲ ಮೈಸೂರು ವಿಧಾನಸಭೆಯ ಸ್ಪೀಕರ್ ಆದದ್ದರಿಂದ ಮುಂಬಯಿಯ ಸದನ ಸಂಪ್ರದಾಯವೂ ಆಗತಾನೇ ಸಿದ್ಧವಾಗಿದ್ದ ವಿಧಾನಸೌಧಕ್ಕೆ ಬಂದಂತಾಯಿತು. ದೂರದ ಲೆಕ್ಕದಲ್ಲಿ ಧಾರವಾಡಕ್ಕೆ ಹೆಚ್ಚೇನೂ ಲಾಭವಾಗಲಿಲ್ಲ, ಬೆಂಗಳೂರೂ ಪುಣೆಯಷ್ಟೇ ದೂರ. ಆದರೆ ಭಾಷೆ ತನ್ನದಾಯಿತು, ಇಂಗ್ಲಿಷ್ ಬಾರದ ಒಕ್ಕಲಿಗನೂ ಎದ್ದು ನಿಂತು ಮಾತಾಡುವಂತಾಯಿತು. ಹೊಸ ರಾಜ್ಯದ ಶಾಸಕರ ವೇತನ ಮತ್ತು ಭತ್ಯೆಯ ಕಾಯ್ದೆಯೂ, ಲಾಭದ ಹುದ್ದೆ ಹೊಂದಿದವರ ಅನರ್ಹತೆಗೆ ವಿನಾಯಿತಿಗಳನ್ನು ಪಟ್ಟಿಮಾಡುವ ಕಾಯ್ದೆಯೂ 1956ರವೇ.

ಇದರ ಮುಂದಿನ ದಶಕಗಳಲ್ಲಿ ಆದ ಬದಲಾವಣೆ ಯಾವ ಕಾಯ್ದೆಯಿಂದಲೂ ಘೋಷಿತವಾಗಲಿಲ್ಲ. ಸದನ ಸೇರುವ ದಿನಗಳು ದೇಶದಾದ್ಯಂತ ಇಳಿಯುತ್ತ ಬಂದವು. 1952ರ ಮೊದಲ ಲೋಕಸಭೆಯು ವರ್ಷಕ್ಕೆ ಸರಾಸರಿ 135 ದಿನ ಸೇರಿದ್ದರೆ 2019ರಲ್ಲಿ ಆರಂಭವಾದ ಹದಿನೇಳನೆಯ ಲೋಕಸಭೆಯ ಸರಾಸರಿ 55 ದಿನ, ರಾಜ್ಯಗಳ ಸದನಗಳದ್ದು ಅದಕ್ಕಿಂತಲೂ ಕಡಿಮೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂದಷ್ಟೇ ಹೇಳುವ ಸಂವಿಧಾನದ 174ನೆಯ ವಿಧಿಯು ಕನಿಷ್ಠ ದಿನಗಳನ್ನು ಗೊತ್ತುಪಡಿಸಿಲ್ಲ. ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶನ ಆಯೋಗವು 2002ರಲ್ಲಿ 70ಕ್ಕಿಂತ ಕಡಿಮೆ ಸದಸ್ಯರ ಸದನಗಳು 50 ದಿನ, ದೊಡ್ಡ ಸದನಗಳು 90 ದಿನ ಸೇರಬೇಕೆಂದು ಶಿಫಾರಸು ಮಾಡಿತು. ಕರ್ನಾಟಕವು 2005ರಲ್ಲಿ ಕಾಯ್ದೆಯನ್ನೇ ಮಾಡಿ 60 ದಿನಗಳ ಕನಿಷ್ಠವನ್ನು ಒಪ್ಪಿಕೊಂಡಿತು. 224 ಸದಸ್ಯರ ಸದನವು ತಾನೇ ಬರೆದುಕೊಂಡ ಈ ಗುರಿಯನ್ನು ಮುಟ್ಟಿದ ವರ್ಷಗಳು ವಿರಳ.

ಹೀಗೆ ಸದನ ಕುಗ್ಗಿದರೆ ಶಾಸಕನು ಕಸುಬಿಗೆ ಮರಳಬೇಕಿತ್ತು. ಆದದ್ದು ವಿಪರೀತ. ಬಗರ್‌ಹುಕುಂ ಸಮಿತಿ, ಅಂದರೆ ಸರ್ಕಾರಿ ಭೂಮಿಯಲ್ಲಿ ಅನಧಿಕೃತವಾಗಿ ಸಾಗುವಳಿ ಮಾಡುತ್ತಿರುವವರಿಗೆ ಹಕ್ಕು ಮಂಜೂರು ಮಾಡುವ ತಾಲೂಕು ಸಮಿತಿಗೆ ಶಾಸಕನೇ ಅಧ್ಯಕ್ಷ. ಮನೆ-ನಿವೇಶನಗಳ ಫಲಾನುಭವಿಗಳನ್ನು ನೋಡುವ ಆಶ್ರಯ ಸಮಿತಿಗೂ ಅವನೇ ಅಧ್ಯಕ್ಷ. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲೂಕು ಕೆ.ಡಿ.ಪಿ. ಸಭೆಯೂ ಅವನ ಅಧ್ಯಕ್ಷತೆಯಲ್ಲೇ. ಪ್ರತಿ ವರ್ಷ ಕ್ಷೇತ್ರಾಭಿವೃದ್ಧಿ ನಿಧಿಯ 2 ಕೋಟಿ ರೂಪಾಯಿ ಅವನ ಶಿಫಾರಸಿನ ಮೇಲೆ ಖರ್ಚಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಶಾಸಕರಿಗೆ ಮಹಾನಗರ ಪಾಲಿಕೆಯ ಮೇಯರ್ ಚುನಾವಣೆಯಲ್ಲಿ ಮತವೂ ಇದೆ. ಕಾನೂನು ಮಾಡುವವನಾಗಿ ಆಯ್ಕೆಯಾದವನು ಆಡಳಿತದ ಕೆಳಗಿನ ಮೆಟ್ಟಿಲುಗಳ ಕೆಲಸವನ್ನೆಲ್ಲ ಹೊತ್ತುಕೊಂಡಾಗ ಅವನಿಗೆ ವರ್ಷದ ಎಲ್ಲ ದಿನಗಳೂ ಸಾಲವು, ಸದನದ ದಿನಗಳು ಮಾತ್ರ ಭಾರವಾಗುತ್ತವೆ.

ಈ ಹೊರೆಯನ್ನು ಇಳಿಸುವ ಒಂದು ಗಂಭೀರ ಪ್ರಯತ್ನ ನಡೆದದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ. ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಪಂಚಾಯತ್ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದಾಗ ಅವುಗಳ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಮುಖ್ಯ ಕಾರ್ಯದರ್ಶಿಗೆ ಜಿಲ್ಲಾಧಿಕಾರಿಗಿಂತ ಹಿರಿತನ ಸಿಕ್ಕಿತು. ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ನಿರ್ಧಾರಗಳು ಬೆಂಗಳೂರಿನಿಂದ ಜಿಲ್ಲೆಗೆ ಇಳಿದವು. ಈ ವ್ಯವಸ್ಥೆ ಎರಡು ದಶಕ ಬಾಳಿದ್ದರೆ ವಿಧಾನಸಭೆಯ ಸದಸ್ಯನು ಮತ್ತೆ ಶುದ್ಧ ಶಾಸನಕಾರನಾಗಿ, ಬೇಕಾದರೆ ಅರೆಕಾಲಿಕನಾಗಿ, ಉಳಿಯುವುದು ಸಾಧ್ಯವಿತ್ತು. ಅದು ಬಾಳಲಿಲ್ಲ. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಲ್ಲಿ ಶಾಸಕನು ಕಂಡದ್ದು ಪ್ರತಿಸ್ಪರ್ಧಿಯನ್ನು. ಮುಂದಿನ ಸರ್ಕಾರಗಳು ಆ ಅಧಿಕಾರವನ್ನು ಒಂದೊಂದಾಗಿ ಮರಳಿ ಪಡೆದವು.

ಅರೆಕಾಲಿಕ ಸದನದ ಪರವಾಗಿ ಸಾಮಾನ್ಯವಾಗಿ ಉದಾಹರಿಸುವುದು ಅಮೆರಿಕದ ರಾಜ್ಯಗಳನ್ನು. ಟೆಕ್ಸಾಸ್ ಶಾಸಕಾಂಗವು ಎರಡು ವರ್ಷಕ್ಕೊಮ್ಮೆ ಗರಿಷ್ಠ 140 ದಿನ ಸೇರುತ್ತದೆ, ಸದಸ್ಯನ ವಾರ್ಷಿಕ ವೇತನ 7,200 ಡಾಲರ್. ನ್ಯೂ ಹ್ಯಾಂಪ್‌ಷೈರಿನ 400 ಸದಸ್ಯರ ಕೆಳಮನೆಯಲ್ಲಿ ಅದು ವರ್ಷಕ್ಕೆ 100 ಡಾಲರ್. ಅಲ್ಲಿ ಇದು ನಡೆಯುವುದಕ್ಕೆ ಕಾರಣ ಕೌಂಟಿ, ನಗರ ಮತ್ತು ಶಾಲಾ ಮಂಡಳಿಗಳು ಸ್ವಂತ ತೆರಿಗೆ, ಸ್ವಂತ ಚುನಾವಣೆಗಳೊಂದಿಗೆ ಬಲವಾಗಿ ನಿಂತಿರುವುದು. ಹಾಗಿದ್ದೂ ಅಂಥ ಸದನಗಳಲ್ಲಿ ನಿವೃತ್ತರು ಮತ್ತು ಸ್ಥಿತಿವಂತರೇ ಹೆಚ್ಚು ಎಂಬ ದೂರು ಅಲ್ಲಿಯೂ ಇದೆ. ಜನಸಂಖ್ಯೆ ಮತ್ತು ಆಡಳಿತದ ಜಟಿಲತೆ ಬೆಳೆದಾಗ ಕ್ಯಾಲಿಫೋರ್ನಿಯಾ 1966ರಲ್ಲಿ ಜನಮತದ ಮೂಲಕವೇ ಪೂರ್ಣಕಾಲಿಕ ಶಾಸಕಾಂಗಕ್ಕೆ ಬದಲಾಯಿತು.

ಭಾರತದ ಕಾನೂನು ಮಾತ್ರ ಶಾಸಕನನ್ನು ಇಂದಿಗೂ ಪೂರ್ಣಕಾಲಿಕ ನೌಕರನೆಂದು ಒಪ್ಪಿಲ್ಲ. ಶಾಸಕರು ವಕೀಲಿ ಮಾಡಬಾರದೆಂದು ಕೋರಿ ಬಂದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕುವಾಗ, ಪೂರ್ಣಾವಧಿ ಸಂಬಳದ ನೌಕರರು ವಕೀಲಿ ಮಾಡಬಾರದೆಂಬ ವಕೀಲರ ಪರಿಷತ್ತಿನ ನಿಯಮವು ಶಾಸಕರಿಗೆ ಅನ್ವಯಿಸುವುದಿಲ್ಲವೆಂದು ಹೇಳಿತು. ವಿಧಾನ ಪರಿಷತ್ತಿನ ರಚನೆಯಲ್ಲಿ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಿಗೆ ತಲಾ ಹನ್ನೆರಡನೆಯ ಒಂದು ಭಾಗ ಮೀಸಲಿಟ್ಟ ಸಂವಿಧಾನದ 171ನೆಯ ವಿಧಿಯ ಹಿಂದೆಯೂ ಕಸುಬಿನ ಅನುಭವ ಸದನಕ್ಕೆ ಬರಬೇಕೆಂಬ ಹಳೆಯ ಆಶಯವಿದೆ. ಹುಬ್ಬಳ್ಳಿಯ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿಯವರು 1980ರಿಂದ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮತ್ತೆ ಮತ್ತೆ ಆಯ್ಕೆಯಾಗಿ ಪರಿಷತ್ತಿನ ಸಭಾಪತಿ ಸ್ಥಾನದವರೆಗೆ ಏರಿದರು. ಆದರೆ ನಾಲ್ಕು ದಶಕಗಳ ನಿರಂತರ ಸದಸ್ಯತ್ವವನ್ನು ಅರೆಕಾಲಿಕವೆನ್ನುವುದು ಕಷ್ಟ.

ಬೆಳಗಾವಿಯ ಸುವರ್ಣ ವಿಧಾನಸೌಧ, ಧಾರವಾಡದಿಂದ ಒಂದೂವರೆ ತಾಸಿನ ದಾರಿಯಲ್ಲಿ, 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರಿಂದ ಉದ್ಘಾಟನೆಗೊಂಡಿತು. 2006ರಲ್ಲಿ ಅದೇ ನಗರದಲ್ಲಿ ನಡೆದ ಮೊದಲ ಅಧಿವೇಶನದ ಮುಂದುವರಿಕೆಯಾಗಿ ಅಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಚಳಿಗಾಲದಲ್ಲಿ, ಹತ್ತು ದಿನಗಳ ಆಸುಪಾಸು ಸದನ ಸೇರುತ್ತದೆ. ಉತ್ತರ ಕರ್ನಾಟಕದ ನೀರಾವರಿ, ಮಹದಾಯಿ, ಕಬ್ಬಿನ ಬೆಲೆಗಳೆಲ್ಲ ಆ ದಿನಗಳಿಗಾಗಿ ಕಾಯುತ್ತವೆ. ಹಳೆಯ ಪುಣೆ ಅಧಿವೇಶನದ ನೆರಳು ಇದರಲ್ಲಿ ಕಾಣದಿರದು, ಗವರ್ನರನ ಬದಲು ಸಚಿವಾಲಯ ಊರು ಬದಲಿಸುತ್ತದೆ ಎಂಬುದಷ್ಟೇ ವ್ಯತ್ಯಾಸ. 2025ರ ಮಾರ್ಚಿನಲ್ಲಿ ಶಾಸಕರ ಮೂಲ ವೇತನವನ್ನು 40,000ದಿಂದ 80,000 ರೂಪಾಯಿಗೆ ಏರಿಸಿದ ಮಸೂದೆಯು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾದಾಗ ಅರೆಕಾಲಿಕ ಸದನದ ಮಾತು ಮತ್ತೆ ಎದ್ದದ್ದು ಸಹಜ. ಆದರೆ ಸಂಬಳ ಕಡಿತಗೊಳಿಸಿ ದಿನಗಳನ್ನು ಇನ್ನೂ ಇಳಿಸುವುದರಿಂದ ದೊರೆಯುವುದು ಕಂಬಳಿಯವರ ಕಾಲದ ವಕೀಲ-ಶಾಸಕನಾಗಿರದೆ, ಸದನದ ಅಗತ್ಯವೇ ಇಲ್ಲದ ಸ್ಥಿತಿವಂತ ಗುತ್ತಿಗೆದಾರ-ಶಾಸಕನಾಗಿರುತ್ತಾನೆ. ಶಾಸಕನ ಕೈಯಲ್ಲಿರುವ ಬಗರ್‌ಹುಕುಂ, ಆಶ್ರಯ, ಕೆ.ಡಿ.ಪಿ. ಸಮಿತಿಗಳು ಮೊದಲು ಚುನಾಯಿತ ಸ್ಥಳೀಯ ಸಂಸ್ಥೆಗಳಿಗೆ ಹೋಗಬೇಕು, ಸದನದ ದಿನಗಳು 2005ರ ಕಾಯ್ದೆಯ 60ನ್ನಾದರೂ ಮುಟ್ಟಬೇಕು, ಆಮೇಲೆ ಶಾಸಕನ ಉಳಿದ ಸಮಯದ ಪ್ರಶ್ನೆಯನ್ನು ಎತ್ತಬೇಕು. ಆ ದಾರಿಯ ಸ್ಥಿತಿ ಹೀಗಿದೆ: ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2019ರ ಮಾರ್ಚಿನಲ್ಲಿ ಮುಗಿದು ಮುಂದಿನ ಚುನಾವಣೆ 2021ರ ಸೆಪ್ಟೆಂಬರಿನಲ್ಲಿ ನಡೆಯಿತು, 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಧಾರವಾಡ ಜಿಲ್ಲೆಯಲ್ಲಾಗಲಿ ರಾಜ್ಯದ ಬೇರೆ ಜಿಲ್ಲೆಗಳಲ್ಲಾಗಲಿ ಆ ಚುನಾವಣೆ ನಡೆಯಲಿಲ್ಲ.